ತಲೆಚೆಂಡಿಗೊಂದು ತಕ್ಕಡಿ

ಮುಖಕ್ಕೆ ನೊರೆ ಬಳಿಸಿಕೊಂಡು ಕೂತ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಈ ಸತ್ಯ ನನಗೆ ಈಗ ಗೊತ್ತು. ಆ ಶನಿವಾರ ಬೆಳಿಗ್ಗೆ ಚೌರದಂಗಡಿಯಲ್ಲಿ ಗೊತ್ತಿರಲಿಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಇಪ್ಪತ್ತಾರು ವರ್ಷಗಳಿಂದ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ಪರೀಕ್ಷಿಸುವುದು, ತೂಕದ ಕಲ್ಲುಗಳಿಗೆ ಮುದ್ರೆ ಒತ್ತುವುದು ನನ್ನ ಕೆಲಸ. ನನ್ನ ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರೂ 'ತಕ್ಕಡಿ ಸಾಹೇಬರು' ಎಂದೇ ಕರೆಯುತ್ತಾರೆ. ನಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ತರಕಾರಿ ಅಂಗಡಿಯವನು ಗಿರಾಕಿ ಕೇಳದೆಯೇ ಎರಡು ಟೊಮೇಟೊ ಹೆಚ್ಚಿಗೆ ಹಾಕುತ್ತಾನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗಾಗಿ ಹೇಳುತ್ತಿದ್ದೇನೆ.

ಆ ದಿನ ನನ್ನ ಪಕ್ಕದ ಕುರ್ಚಿಯಲ್ಲಿ ನೀರು ಸರಬರಾಜು ಕಚೇರಿಯ ದೊಡ್ಡ ಇಂಜಿನಿಯರು ಕೂತಿದ್ದರು. ಅವರ ಹಿಂದೆ ಬೆಂಚಿನ ಮೇಲೆ ಆ ಕಚೇರಿಯ ಫುಟ್‌ಬಾಲ್ ತಂಡದ ಕೋಚು. ಇಬ್ಬರಿಗೂ ಕನ್ನಡಿಯ ಮೂಲಕ ಜಗಳ ನಡೆದಿತ್ತು.

"ನೋಡಿ ಕೋಚೇ, ಕೆರೆ ಪಂಪ್‌ಹೌಸಿಗೆ ಒಬ್ಬನ್ನ ಕಳಿಸಲೇಬೇಕು ಅಂತ ಮೇಲಿಂದ ಆರ್ಡರ್ ಬಂದಿದೆ. ಬೇರೆ ಕಡೆ ಜನ ಇಲ್ಲ. ಟೀಮಿಂದ ಒಬ್ಬ ಹೋಗಬೇಕು. ಹಿಂದೆ ಗೋಲು ಕಾಯೋಕೆ ಒಬ್ಬ ಸಾಕು, ಅಲ್ಲಿ ಆಡೋದು ಏಣಿ, ಬೋಲ್ಟು, ಇಬ್ಬರು. ಏಣಿ ಆರೂಕಾಲಡಿ ಇದ್ದಾನೆ. ಬೋಲ್ಟು ಐದಡಿ ಮೂರಿಂಚು. ಮೇಲಿಂದ ಬರೋ ಚೆಂಡನ್ನ ತಲೇಲಿ ಹೊಡೆಯೋನು ಯಾರು? ಇದಕ್ಕೆ ಯೋಚನೆ ಬೇರೆ ಮಾಡಬೇಕಾ?"

"ಸಾರ್, ಬೋಲ್ಟು ಇದ್ರೆ ನಮಗೆ ಗೋಲು ಬೀಳಲ್ಲ ಸಾರ್."

"ಯಾಕೆ ಬೀಳಲ್ಲ?"

"ಅದು ಗೊತ್ತಿಲ್ಲ ಸಾರ್. ಬೀಳಲ್ಲ ಅಷ್ಟೇ."

"ಯಾಕೆ ಅಂತ ಗೊತ್ತಿಲ್ಲದ್ದನ್ನ ಫೈಲಲ್ಲಿ ಹೇಗ್ರೀ ಬರೀಲಿ?"

ನಾನು ಜೀವಮಾನದಲ್ಲಿ ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವನಲ್ಲ. ಆದರೂ ಇಲ್ಲದ ಉಸಾಬರಿ ಎಲ್ಲಿದ್ದರೂ ನನ್ನನ್ನು ಹುಡುಕಿಕೊಂಡು ಬರುತ್ತದೆ. ನೊರೆಯ ಒಳಗಿಂದಲೇ ಹೇಳಿದೆ: "ಜಗಳ ಯಾಕೆ ಸಾರ್? ಅಳೆದರೆ ಆಯಿತು. ಅಳೆಯೋಕೆ ಬಾರದ ವಸ್ತು ಈ ಭೂಮಿ ಮೇಲೆ ಇಲ್ಲ."

ಕ್ಷೌರಿಕ ಕತ್ತಿಯನ್ನು ನನ್ನ ಗಂಟಲ ಬಳಿ ಹಿಡಿದು ನಿಂತ. ದೊಡ್ಡ ಇಂಜಿನಿಯರು ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ತಲೇಲಿ ಚೆಂಡು ಹೊಡೆಯೋದನ್ನೂ ಅಳೀತೀರಾ?"

"ಬೇಳೆ ಆದ್ರೇನು, ಚೆಂಡಾದ್ರೇನು ಸಾರ್."

"ಸರಿ ಹಾಗಾದ್ರೆ. ನೀವೇ ಅಳೀರಿ. ಮೂರು ವಾರ ಟೈಮು. ನಿಮ್ಮ ಅಳತೇಲಿ ಯಾರು ಕಮ್ಮಿ ಬರ್ತಾನೋ ಅವನಿಗೆ ಪಂಪ್‌ಹೌಸು. ನಾನು ಮಾತಿಗೆ ತಪ್ಪೋನಲ್ಲ."

ಮಾತು ಆಡಿದರೆ ಹೋಯಿತು. ಕ್ಷೌರಿಕ ಆ ಖುಷಿಯಲ್ಲಿ ನನ್ನ ಮೀಸೆಯ ಒಂದು ತುದಿಯನ್ನು ಸ್ವಲ್ಪ ಹೆಚ್ಚೇ ತೆಗೆದ. ಆಮೇಲೆ ಇನ್ನೊಂದು ತುದಿಯನ್ನೂ ಸರಿದೂಗಿಸಬೇಕಾಯಿತು.

ಮನೆಗೆ ಬಂದು ಹೆಂಡತಿಗೆ ಎದೆಯುಬ್ಬಿಸಿ ವರದಿ ಒಪ್ಪಿಸಿದೆ. ಅವಳು ಬಟ್ಟೆ ಮಡಚುತ್ತಿದ್ದಳು. "ಬೋಲ್ಟು" ಎಂಬ ಹೆಸರು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ನನ್ನ ಪ್ಯಾಂಟು ನೆಲಕ್ಕೆ ಬಿತ್ತು.

"ರೀ, ಬೋಲ್ಟು ಅಂದ್ರೆ ಯಾರು ಗೊತ್ತೇನ್ರೀ?"

"ಯಾರೋ ಕುಳ್ಳ ಫಿಟ್ಟರಂತೆ."

"ಅದು ನನ್ನ ತಮ್ಮ ಕಣ್ರೀ!"

ನನ್ನ ಭಾವಮೈದ ನೀರಿನ ಕಚೇರಿಯಲ್ಲಿ ಪೈಪ್ ಫಿಟ್ಟರು ಎಂದು ಗೊತ್ತಿತ್ತು. ಸಂಜೆ ಹೊತ್ತು ಚೆಂಡಾಡುತ್ತಾನೆ ಎಂದೂ ಗೊತ್ತಿತ್ತು. ಮನೆಯಲ್ಲಿ ನಾವು ಅವನನ್ನು 'ಪುಟ್ಟ' ಎನ್ನುತ್ತೇವೆ. ಮೂವತ್ತೆರಡು ವರ್ಷದ ಪುಟ್ಟನನ್ನು ಹೊರಗೆ ಜನ ಬೋಲ್ಟು ಎಂದು ಕರೆಯುತ್ತಾರೆ ಎಂದು ನನಗೆ ಯಾರೂ ಲಿಖಿತವಾಗಿ ತಿಳಿಸಿರಲಿಲ್ಲ.

"ಅವನ ಹೆಂಡತಿಗೆ ಏಳು ತಿಂಗಳು," ಎಂದಳು ನನ್ನವಳು. "ಪಂಪ್‌ಹೌಸಿಗೆ ಬಸ್ಸಲ್ಲಿ ಆರು ಗಂಟೆ ದಾರಿ. ಅಲ್ಲಿ ಹಾಕಿದ್ರೆ ಮಗು ಹುಟ್ಟೋ ಹೊತ್ತಿಗೆ ಅವನು ಕೆರೆ ದಂಡೇಲಿ ಕೂತು ಕಪ್ಪೆ ಎಣಿಸ್ತಿರ್ತಾನೆ. ಹೋಗಿ, ಈಗಲೇ ಹೋಗಿ, ನನಗೆ ಅಳೆಯೋಕೆ ಬರಲ್ಲ ಅಂತ ಹೇಳಿ ಬನ್ನಿ."

"ಇಪ್ಪತ್ತಾರು ವರ್ಷದಲ್ಲಿ ಹಾಗೆ ಹೇಳಿದೋನಲ್ಲ ನಾನು."

"ಹಾಗಾದ್ರೆ ತಕ್ಕಡೀನ ಸ್ವಲ್ಪ ಒತ್ತಿ. ಎಲ್ಲರೂ ಒತ್ತುತ್ತಾರೆ. ಒಂದೇ ಒಂದು ಬೆರಳಲ್ಲಿ."

ನಾನು ಎದ್ದು ನಿಂತೆ. ಇಂಥ ಮಾತಿಗೆ ಕೂತು ಉತ್ತರ ಕೊಡಬಾರದು. "ಸ್ವಂತ ಅಣ್ಣ ತಮ್ಮಂದಿರಾದರೂ ನನ್ನ ತಕ್ಕಡಿಗೆ ಎಲ್ಲರೂ ಒಂದೇ," ಎಂದೆ.

"ಓಹೋ. ಹಾಗೋ. ಸರಿ. ಇವತ್ತಿಂದ ಈ ಮನೇಲೂ ಎಲ್ಲ ಅಳತೆ ಪ್ರಕಾರ."

ಇಲಾಖೆ ಬಳಕೆಯಿಂದ ತೆಗೆದ ಒಂದು ಹಳೆಯ ಹಿತ್ತಾಳೆ ತಕ್ಕಡಿಯನ್ನು ನಾನು ಮನೆಗೆ ತಂದು ಉಜ್ಜಿ ಹೊಳಪಿಸಿ ಇಟ್ಟುಕೊಂಡಿದ್ದೆ. ಅಂದು ಮಧ್ಯಾಹ್ನ ಅದು ಅಡಿಗೆಮನೆಯ ಕಟ್ಟೆಗೆ ಬಂತು. ಒಂದು ತಟ್ಟೆಗೆ ನೂರೈವತ್ತು ಗ್ರಾಂ ಕಲ್ಲು. ಇನ್ನೊಂದು ತಟ್ಟೆಗೆ ಅನ್ನ. ಮುಳ್ಳು ನಡುವೆ ನಿಂತ ಕೂಡಲೇ ಅವಳು ಸೌಟನ್ನು ಹಿಂದಕ್ಕೆ ತೆಗೆದುಕೊಂಡಳು. ಇನ್ನೊಂದು ಅಗುಳು ಕೇಳುವ ಧೈರ್ಯ ನನಗಿರಲಿಲ್ಲ. ಮಾತೂ ಅಷ್ಟೇ, ದಿನಕ್ಕೆ ನಾಲ್ಕು ಎಂದು ನಿಗದಿಯಾಯಿತು: "ಏಳಿ", "ತಿನ್ನಿ", "ಹೋಗಿ", "ಬಂದ್ರಾ". ಊಟವಾದ ಮೇಲೆ ಕಲ್ಲನ್ನು ತೆಗೆದು, ಅನ್ನ ತೂಗಿದ ತಟ್ಟೆಯಲ್ಲಿ ಒಂದು ಈರುಳ್ಳಿ ಇಟ್ಟು ಮೂಲೆಗೆ ತಳ್ಳುತ್ತಿದ್ದಳು. ಅಷ್ಟು ಒಳ್ಳೆಯ ಉಪಕರಣವನ್ನು ಈರುಳ್ಳಿ ಇಡುವುದಕ್ಕೆ ಬಳಸುವುದು ನೋಡಿ ನನಗೆ ಸಂಕಟವಾಗುತ್ತಿತ್ತು, ಆದರೆ ನಾಲ್ಕು ಮಾತಿನಲ್ಲಿ ಅದನ್ನು ಚರ್ಚಿಸಲು ಜಾಗವಿರಲಿಲ್ಲ. ಆಶ್ಚರ್ಯವೆಂದರೆ, ನೂರೈವತ್ತು ಗ್ರಾಮಿಗೂ ನನಗೆ ಹಸಿವಾಗುತ್ತಿರಲಿಲ್ಲ. ಸರಿಯಾಗಿ ತೂಗಿದ ಆಹಾರಕ್ಕೆ ಅಂಥ ಶಕ್ತಿ ಇರುತ್ತದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಹೇಳಿದೆ.

ಸೋಮವಾರ ಸಂಜೆ ಅಳತೆ ಆರಂಭವಾಯಿತು. ನೀರಿನ ಟ್ಯಾಂಕಿನ ಕೆಳಗಿನ ಮೈದಾನಕ್ಕೆ ನಾನು ಟೇಪು, ಕಂಬ ನೆಟ್ಟಗಿದೆಯೇ ನೋಡುವ ನೂಲುಗುಂಡು, ದಪ್ಪ ರಿಜಿಸ್ಟರು ಮತ್ತು ಒಂದು ಸ್ಟೂಲು ಹೊರಿಸಿಕೊಂಡು ಹೋದೆ. ಅಲ್ಲಿ ಏಣಿಯನ್ನು ಮೊದಲ ಸಲ ಹತ್ತಿರದಿಂದ ಕಂಡೆ. ಅವನು ಮನೆ ಮನೆಯ ನೀರಿನ ಮೀಟರು ಓದುವವನು. ಗೇಟು ತೆಗೆಯದೆ, ಕಾಂಪೌಂಡಿನ ಆಚೆಯಿಂದಲೇ ಬಗ್ಗಿ ಓದುತ್ತಾನೆ. ಅದಕ್ಕೇ ಅವನನ್ನು ಒಂದು ನಾಯಿಯೂ ಕಚ್ಚಿಲ್ಲ. ತಾಯಿಯೊಬ್ಬಳೇ ಮನೆಯಲ್ಲಿ, ಅವಳಿಗೆ ಕಣ್ಣು ಮಂಜು. ಇಷ್ಟನ್ನೂ ಅವನೇ ನಾಚಿಕೊಂಡು ಹೇಳಿದ. ನಾನು ಇಂಥವನ್ನೆಲ್ಲ ಕೇಳಿಸಿಕೊಳ್ಳಬಾರದಿತ್ತು. ತೂಗುವವನಿಗೆ ಸಾಮಾನಿನ ಕಷ್ಟಸುಖ ಗೊತ್ತಿರಬಾರದು.

ಭಾವಮೈದ ನನ್ನನ್ನು ನೋಡಿ ತಲೆ ಕೆರೆದುಕೊಂಡ. "ಭಾವ, ನೀವು ಅಂತ ಗೊತ್ತಾಗಿ ನನಗೆ ಸಮಾಧಾನ ಆಯ್ತು," ಎಂದ.

"ನನ್ನಿಂದ ಸಹಾಯ ನಿರೀಕ್ಷಿಸಬೇಡ ಪುಟ್ಟ."

"ಅಯ್ಯೋ ಇಲ್ಲ ಭಾವ. ನೀವು ಮೋಸ ಮಾಡಲ್ಲ ಅಂತಾನೇ ಸಮಾಧಾನ."

ಮೊದಲ ಪ್ರಯೋಗ ಸರಳ. ಕಂಬಕ್ಕೆ ಹಗ್ಗ ಕಟ್ಟಿ ಚೆಂಡು ನೇತುಹಾಕಿ, ಒಂದೊಂದೇ ಸೆಂಟಿಮೀಟರು ಎತ್ತರಿಸಿ, ಯಾರ ತಲೆ ಎಲ್ಲಿಯವರೆಗೆ ಮುಟ್ಟುತ್ತದೆ ನೋಡುವುದು. ಬೋಲ್ಟು ಹಾರಿ ಹಾರಿ ಬೆವರಿಳಿಸಿದ. ಅವನು ಸೋತು ನಿಂತ ಎತ್ತರಕ್ಕೆ ಏಣಿ ಇನ್ನೂ ನೆಲ ಬಿಟ್ಟಿರಲಿಲ್ಲ. ನಾನು ರಿಜಿಸ್ಟರು ಮುಚ್ಚುವುದರಲ್ಲಿದ್ದೆ. ಕೋಚು ಬಂದು ಕೈ ಮುಗಿದ.

"ಸಾರ್, ಪಂದ್ಯದಲ್ಲಿ ಚೆಂಡು ಹಗ್ಗದಲ್ಲಿ ನೇತಾಡಲ್ಲ ಸಾರ್. ಅದರ ಪಕ್ಕ ಇನ್ನೊಬ್ಬ ಇರ್ತಾನೆ. ಅವನೂ ಹಾರ್ತಾನೆ. ಮೊಣಕೈ ಇರುತ್ತೆ, ಭುಜ ಇರುತ್ತೆ, ಬೈಗುಳ ಇರುತ್ತೆ."

"ಬೈಗುಳವನ್ನೂ ಅಳೆಯಬೇಕಾ?"

"ಬೇಡ ಸಾರ್. ಆದ್ರೆ ಆಟದಲ್ಲೇ ಅಳೀರಿ."

ಮಾತಿನಲ್ಲಿ ತಥ್ಯವಿತ್ತು. ನಾನು ರಾತ್ರಿಯಿಡೀ ಅಲ್ಲದಿದ್ದರೂ ಊಟದ ತನಕ ಕೂತು ಹನ್ನೆರಡು ನಿಯಮ ಬರೆದೆ. ಇಬ್ಬರು ಒಂದೇ ಚೆಂಡಿಗೆ ಹೋದಾಗ ಯಾರ ತಲೆಗೆ ಚೆಂಡು ತಾಗಿತೋ ಅವನು ಗೆದ್ದವನು. ಇನ್ನೊಬ್ಬ ಸೋತವನು. ಹೋದದ್ದೆಷ್ಟು, ಗೆದ್ದದ್ದೆಷ್ಟು, ಯಾರ ಎದುರು ಗೆದ್ದದ್ದು, ನೂರಕ್ಕೆ ಎಷ್ಟು. ಬಲಶಾಲಿಯ ಎದುರು ಗೆದ್ದವನಿಗೆ ಪಕ್ಕದಲ್ಲಿ ಒಂದು ನಕ್ಷತ್ರ. ಏಳನೆಯ ನಿಯಮವನ್ನು ಬಹಳ ಹೆಮ್ಮೆಯಿಂದ ಬರೆದಿದ್ದೆ: 'ಮೈದಾನದಲ್ಲಿ ಹಾಜರಿರುವ ಯಾವುದೇ ತಲೆಯನ್ನು ಲೆಕ್ಕದಿಂದ ಬಿಡತಕ್ಕದ್ದಲ್ಲ.'

ಅಭ್ಯಾಸದ ಪಂದ್ಯಕ್ಕೆ ಅವರು ತಮ್ಮಲ್ಲೇ ಎರಡು ಪಾಲಾಗುತ್ತಿದ್ದರು. ಒಂದು ಅಂಗಿ ತಂಡ. ಇನ್ನೊಂದು ಬರೀ ಮೈಯ ತಂಡ. ಏಣಿ, ಬೋಲ್ಟು ಇಬ್ಬರೂ ವರ್ಷಾನುಗಟ್ಟಲೆಯಿಂದ ಅಂಗಿ ತಂಡದವರು. ನಾನು ಗೆರೆಯ ಪಕ್ಕ ಸ್ಟೂಲು ಹಾಕಿಕೊಂಡು ಎರಡು ವಾರ ಸಂಜೆ ಸಂಜೆ ಗೀಟು ಎಳೆದೆ. ಎಳೆಯುತ್ತಾ ಎಳೆಯುತ್ತಾ ನನ್ನ ಜೀವ ಹಿಂಡಿಹೋಯಿತು. ಏಣಿ ನಲವತ್ತಕ್ಕೆ ಹೋಗಿ ಮೂವತ್ತೊಂದು ಗೆದ್ದಿದ್ದ. ಬೋಲ್ಟು ಹತ್ತೊಂಬತ್ತಕ್ಕೆ ಹೋಗಿ ನಾಲ್ಕು. ಅತ್ತ ದರಿ, ಇತ್ತ ಪುಲಿ. ಗೀಟು ಹೌದೆಂದರೆ ಹೆಂಡತಿ ಬಿಡುವುದಿಲ್ಲ, ಅಲ್ಲವೆಂದರೆ ಮುದ್ರೆ ಬಿಡುವುದಿಲ್ಲ.

ಕೊನೆಯ ದಿನ ಆ ಘಟನೆ ನಡೆಯಿತು. ಗೋಲು ಕಾಯುವವನು ಆಕಾಶಕ್ಕೆ ಒದ್ದ ಚೆಂಡು ಗೆರೆಯ ಕಡೆಗೆ ಬಂತು. ಎಲ್ಲಿ ಬೀಳುತ್ತದೆ ಎಂದು ನೋಡಲು ನಾನು ಸ್ಟೂಲಿನ ಮೇಲೆ ಹತ್ತಿ ನಿಂತೆ. ಅದೇ ಚೆಂಡಿಗೆ ಏಣಿ ಓಡಿ ಬಂದು ಹಾರಿದ. ಚೆಂಡು ಅವನ ತಲೆಯ ಮೇಲಿಂದ ದಾಟಿ ಸರಿಯಾಗಿ ನನ್ನ ನೆತ್ತಿಗೆ ಬಡಿದು, ಮೈದಾನದ ನಡುವಿಗೆ ಹಾರಿ, ಅಲ್ಲಿ ಬರೀ ಮೈಯ ತಂಡಕ್ಕೆ ಆಡುತ್ತಿದ್ದ ಕಚೇರಿಯ ಸ್ಟೋರ್‌ಕೀಪರನ ಕಾಲಿಗೆ ಸಿಕ್ಕಿ ಗೋಲಾಯಿತು. ಸ್ಟೂಲು ಒಂದು ಕಡೆ, ರಿಜಿಸ್ಟರು ಒಂದು ಕಡೆ, ನಾನು ಏಣಿಯ ಮೇಲೆ. ಎಲ್ಲರೂ ಓಡಿ ಬಂದು ನೀರು ಚಿಮುಕಿಸಿದರು. ಕಣ್ಣು ಬಿಟ್ಟವನೇ ನಾನು ಪೆನ್ನು ಕೇಳಿದೆನಂತೆ.

ಯಾಕೆಂದರೆ ಏಳನೆಯ ನಿಯಮ. ಬೇರೆಯವರ ತಲೆಗೊಂದು ನ್ಯಾಯ, ನನ್ನ ತಲೆಗೊಂದು ನ್ಯಾಯ ಆಗುತ್ತದೆಯೇ? ಹೋದದ್ದು ಒಂದು. ಗೆದ್ದದ್ದು ಒಂದು. ನೂರಕ್ಕೆ ನೂರು. ಸೋತವನು ಏಣಿ, ಆದ್ದರಿಂದ ನಕ್ಷತ್ರ. ನಾನು ಎಲ್ಲವನ್ನೂ ಯಥಾವತ್ತಾಗಿ ನಮೂದಿಸಿ, ಸಹಿ ಹಾಕಿ, ಮುದ್ರೆ ಒತ್ತಿ, ದೊಡ್ಡ ಇಂಜಿನಿಯರಿಗೆ ಕಳಿಸಿಕೊಟ್ಟೆ.

ಮರುದಿನ ಅವರ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ನನ್ನ ವರದಿ. ಅದರ ಪಕ್ಕ ಟೈಪಾದ ಒಂದು ವರ್ಗಾವಣೆ ಆದೇಶ, ಹೆಸರಿನ ಜಾಗ ಮಾತ್ರ ಖಾಲಿ. ಕೋಚು ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಭುಜ ಕುಲುಕುತ್ತಿತ್ತು.

"ಒಂದನೇ ಸ್ಥಾನ," ದೊಡ್ಡ ಇಂಜಿನಿಯರು ಓದಿದರು. "ತೂಕ ಮತ್ತು ಅಳತೆ ಇನ್ಸ್‌ಪೆಕ್ಟರು. ವಯಸ್ಸು ಐವತ್ತೊಂದು. ನೂರಕ್ಕೆ ನೂರು. ಒಂದು ನಕ್ಷತ್ರ."

"ಹೌದು ಸಾರ್."

"ಅಂದ್ರೆ ಈ ಊರಲ್ಲಿ ತಲೆಚೆಂಡಿಗೆ ನಿಮ್ಮನ್ನ ಬಿಟ್ರೆ ಇಲ್ಲ."

"ಅಂಕಿ ಹಾಗೆ ಹೇಳ್ತಿದೆ ಸಾರ್. ನಾನು ಹೇಳ್ತಿಲ್ಲ."

"ಅಂಕಿ ಹೇಳಿದಂಗೆ ನಡ್ಕೋತೀನಿ ಅಂದಿದ್ದೆ. ಭಾನುವಾರ ಒಂಬತ್ತಕ್ಕೆ ಅಭ್ಯಾಸದ ಪಂದ್ಯ. ಚಡ್ಡಿ ಹಾಕ್ಕೊಂಡು ಬನ್ನಿ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ನಗು ತಡೆಯಲಾಗುತ್ತಿರಲಿಲ್ಲ, ಆದರೆ ದನಿ ಗಟ್ಟಿಯಾಗಿಯೇ ಇತ್ತು. "ನೋಡಿ ಸಾಹೇಬ್ರೇ, ನಿಮ್ಮ ತಕ್ಕಡಿ ಎಲ್ಲೋ ಕೆಟ್ಟಿದೆ. ಭಾನುವಾರದೊಳಗೆ ಸರಿ ಮಾಡ್ಕೊಂಡ್ರೆ ಸರಿ. ಇಲ್ಲಾಂದ್ರೆ ನಿಮ್ಮ ತಲೇನ ಬಿಟ್ಟು ಉಳಿದ ಲೆಕ್ಕ ಓದ್ತೀನಿ. ಅದರಲ್ಲಿ ಬೋಲ್ಟು ಏಣಿಗಿಂತ ಕೆಳಗಿದ್ದಾನೆ."

ಸುದ್ದಿ ನನಗಿಂತ ಮುಂಚೆ ಬೀದಿಗೆ ಮುಟ್ಟಿತ್ತು. ಚೌರದಂಗಡಿಯವನು ಹೊರಗೆ ಬಂದು, ಇನ್ನು ಮೇಲೆ ಈ ತಲೆಗೆ ಕತ್ತರಿ ಹಾಕುವ ಮೊದಲು ಅಪ್ಪಣೆ ಕೇಳುತ್ತೇನೆ ಎಂದ. ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಪೆಟ್ಟು ಬಿದ್ದ ಜಾಗವನ್ನು ಮುಟ್ಟಿ ನೋಡಿ, "ಎಲುಬು ಗಟ್ಟಿಯಿದೆ, ಒಳಗೆ ತುಂಬ ಏನೂ ಇರಲಾರದು" ಎಂದು ತಜ್ಞರ ಅಭಿಪ್ರಾಯ ಕೊಟ್ಟರು. ತರಕಾರಿ ಅಂಗಡಿಯವನು ಅಂದು ಟೊಮೇಟೊ ಹೆಚ್ಚಿಗೆ ಹಾಕಲಿಲ್ಲ. ಇಪ್ಪತ್ತಾರು ವರ್ಷದ ಭಯ ಒಂದು ಚೆಂಡಿನ ಪೆಟ್ಟಿಗೆ ಹೋಗಿತ್ತು. ಹೆಂಡತಿ ಮಾತ್ರ ನಗಲಿಲ್ಲ. ನೂರೈವತ್ತು ಗ್ರಾಂ ತೂಗಿ ಮುಂದಿಟ್ಟು, ಐದನೆಯ ಮಾತೊಂದನ್ನು ಮಂಜೂರು ಮಾಡಿದಳು: "ತುಂಬ ನೋವಾಯ್ತಾ?"

ನನಗೆ ಅಳು ಬರುವಂತಾಯಿತು. ಅನ್ನದ ಕಡೆ ನೋಡುತ್ತಾ ಇಲ್ಲವೆಂದು ತಲೆಯಾಡಿಸಿದೆ.

ಶನಿವಾರ ನನಗೆ ಹಳೇ ಕಬ್ಬಿಣ ಕೊಳ್ಳುವ ಅಂಗಡಿಯ ತಪಾಸಣೆ. ಮನಸ್ಸು ಬೇರೆಲ್ಲೋ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆ ಅಂಗಡಿಯ ತಕ್ಕಡಿಯಲ್ಲಿ ಸಾಮಾನಿನ ತಟ್ಟೆಯ ಮೇಲೆ ಯಾವಾಗಲೂ ಒಂದು ತುಕ್ಕು ಹಿಡಿದ ಬೀಗ ಬಿದ್ದಿರುತ್ತಿತ್ತು. ಅದನ್ನು ತೆಗೆದಿಟ್ಟು ಎರಡೂ ಕಡೆ ಒಂದೊಂದು ಕಿಲೋ ಕಲ್ಲು ಇಟ್ಟೆ. ಎಡಕ್ಕೆ ಬಾಗಿತು. ನಮ್ಮ ಕೆಲಸದಲ್ಲಿ ಇದಕ್ಕೊಂದು ಪಾಠವಿದೆ, ಮೊದಲ ದಿನ ಕಲಿಸುವುದೇ ಅದು: ಕಲ್ಲುಗಳನ್ನು ಅದಲು ಬದಲು ಮಾಡು. ಬಾಗು ಕಲ್ಲಿನ ಜೊತೆ ಹೋದರೆ ತಪ್ಪು ಕಲ್ಲಿನದು. ಅಲ್ಲೇ ಉಳಿದರೆ ತಪ್ಪು ತಟ್ಟೆಯದು, ಅಡಿಗೆ ಕೈ ಹಾಕು.

ಅದಲು ಬದಲು ಮಾಡಿದೆ. ಬಾಗು ಅಲ್ಲೇ ಉಳಿಯಿತು. ಕಲ್ಲಿಡುವ ತಟ್ಟೆಯ ಅಡಿಗೆ ಕೈ ಹಾಕಿದರೆ ಅಂಗೈಯಗಲ ಮೇಣ. ಇದೂ ಹಳೆಯ ಆಟವೇ. ಕೊಳ್ಳುವವನು ಕಲ್ಲಿನ ತಟ್ಟೆಗೆ ಮೇಣ ಮೆತ್ತುತ್ತಾನೆ, ಮಾರುವವನು ಸಾಮಾನಿನ ತಟ್ಟೆಗೆ. ಬೀಗ ಇಟ್ಟಿದ್ದು ಖಾಲಿ ತಕ್ಕಡಿ ಬಾಗುವುದು ಕಾಣದಿರಲಿ ಎಂದು.

"ತಪ್ಪಾಯ್ತು ಸ್ವಾಮಿ, ಮೇಣ ಹೇಗೆ ಬಂತೋ ಗೊತ್ತಿಲ್ಲ, ಜೇನು ಕಟ್ಟಿತ್ತೇನೋ..." ಎಂದು ಅಂಗಡಿಯವನು ಆರಂಭಿಸಿದ. ನನಗೆ ಕೇಳಿಸಲಿಲ್ಲ. ಕೈಯಲ್ಲಿ ಮೇಣ ಹಿಡಿದುಕೊಂಡು ನಾನು ಮೂವತ್ತೊಂದು ಮತ್ತು ನಲವತ್ತರ ಬಗ್ಗೆ ಯೋಚಿಸುತ್ತಿದ್ದೆ. ಏಣಿ ಗೆದ್ದಾಗಲೆಲ್ಲ ಪಕ್ಕದಲ್ಲಿ ಯಾರಿದ್ದರು? ಒಂದು ದಿನವಾದರೂ ನಾನು ಅದಲು ಬದಲು ಮಾಡಿ ನೋಡಿದೆನೇ? ಇಪ್ಪತ್ತಾರು ವರ್ಷ ಊರಿಗೆಲ್ಲ ಮಾಡಿದ ಪರೀಕ್ಷೆಯನ್ನು ಭಾವಮೈದನಿಗೆ ಮಾಡಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಭಾನುವಾರ ಒಂಬತ್ತಕ್ಕೆ ಅರ್ಧ ಊರು ಮೈದಾನದಲ್ಲಿತ್ತು. ನಾನು ಚಡ್ಡಿಯಲ್ಲಿ ಬರುತ್ತೇನೆ ಎಂಬ ಸುದ್ದಿಯ ಪ್ರಭಾವ. ಪ್ಯಾಂಟಿನಲ್ಲೇ ಬಂದದ್ದನ್ನು ಕಂಡು ಕೆಲವರು ಎದ್ದು ಹೋದರು. ಹೆಂಡತಿ ತಮ್ಮನ ಹೆಂಡತಿಯನ್ನು ಕೈ ಹಿಡಿದು ಕರೆತಂದು ನೆರಳಲ್ಲಿ ಕೂರಿಸಿದ್ದಳು. ದೊಡ್ಡ ಇಂಜಿನಿಯರ ಜೇಬಿನಲ್ಲಿ ಆ ಆದೇಶ ಇಣುಕುತ್ತಿತ್ತು.

"ಸಾರ್, ಒಂದೇ ಒಂದು ಪರೀಕ್ಷೆ ಬಾಕಿ," ಎಂದೆ. "ಬೋಲ್ಟು ಅಂಗಿ ಬಿಚ್ಚಲಿ. ಇವತ್ತು ಅವನು ಬರೀ ಮೈಯ ತಂಡಕ್ಕೆ."

ಏಳು ವರ್ಷದಲ್ಲಿ ಮೊದಲ ಸಲ ಇಬ್ಬರೂ ಎದುರುಬದುರಾದರು. ಮೊದಲ ಚೆಂಡು ಮೇಲಿಂದ ಬಂತು. ಏಣಿ ಎಂದಿನಂತೆ ಓಡಿ ಬಂದ. ಹಾರಬೇಕಾದ ಜಾಗದಲ್ಲಿ ಆಗಲೇ ಬೋಲ್ಟು ನಿಂತಿದ್ದ, ಚೆಂಡಿನ ಕಡೆ ನೋಡುತ್ತಾ, ಬಸ್ಸು ಕಾಯುವವನ ಹಾಗೆ. ಏಣಿಗೆ ಕಾಲೂರಲು ಜಾಗ ಸಿಗದೆ ಅರ್ಧಕ್ಕೇ ನಿಂತ. ಹಿಂದಿನಿಂದ ಬಂದ ಸ್ಟೋರ್‌ಕೀಪರು ಆರಾಮವಾಗಿ ತಲೆಯಲ್ಲಿ ಹೊಡೆದ. ಸ್ಟೋರ್‌ಕೀಪರು ಕನ್ನಡಕಕ್ಕೆ ದಾರ ಕಟ್ಟಿಕೊಂಡು ಆಡುವವನು. ಜನ್ಮದಲ್ಲಿ ತಲೆಯಿಂದ ಚೆಂಡು ಮುಟ್ಟಿದವನಲ್ಲ. ಹೊಡೆದು, ಹೊಡೆದದ್ದು ತಾನೇ ಎಂದು ನಂಬಲಾರದೆ ಹಿಂದೆ ತಿರುಗಿ ನೋಡಿದ.

ಎರಡನೆಯದೂ ಹಾಗೇ ಆಯಿತು. ಮೂರನೆಯದೂ. ಬೋಲ್ಟು ಯಾರನ್ನೂ ತಳ್ಳಲಿಲ್ಲ, ಮೊಣಕೈ ಎತ್ತಲಿಲ್ಲ. ಚೆಂಡಿಗಿಂತ ಎರಡು ಹೆಜ್ಜೆ ಮುಂಚೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದ. ಅರ್ಧ ಪಂದ್ಯ ಮುಗಿದಾಗ ಏಣಿ ಹದಿನೇಳಕ್ಕೆ ಮೂರು. ಸ್ಟೋರ್‌ಕೀಪರು ಒಂಬತ್ತು. ನಾನು ಸೀಟಿ ಊದಿ ಬೋಲ್ಟಿಗೆ ಮತ್ತೆ ಅಂಗಿ ತೊಡಿಸಿದೆ. ಈಗ ಅವನು ಅಡ್ಡ ನಿಂತದ್ದು ಎದುರಾಳಿಗಳಿಗೆ, ಏಣಿ ಮತ್ತೆ ಹನ್ನೆರಡಕ್ಕೆ ಹತ್ತು ಗೆದ್ದ. ಸ್ಟೋರ್‌ಕೀಪರು ಮತ್ತೆ ಸೊನ್ನೆಗೆ ಇಳಿದು ನಿಟ್ಟುಸಿರು ಬಿಟ್ಟ.

"ನೋಡಿದ್ರಾ ಸಾರ್!" ಕೋಚು ಕುಣಿದಾಡಿದ. "ಯಾಕೆ ಅಂತ ಈಗ ಗೊತ್ತಾಯ್ತು ಸಾರ್! ಬರ್ಕೊಳ್ಳಿ ಸಾರ್!"

ನಾನು ಭಾವಮೈದನನ್ನು ಬದಿಗೆ ಕರೆದೆ. "ಪುಟ್ಟ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಪೈಪು ಎಲ್ಲಿ ಸೋರುತ್ತೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತಲ್ಲ ಭಾವ, ಹಾಗೇ ಚೆಂಡು ಎಲ್ಲಿ ಬೀಳುತ್ತೆ ಅಂತ ಗೊತ್ತಾಗುತ್ತೆ. ಅಲ್ಲಿ ಹೋಗಿ ನಿಲ್ತೀನಿ. ಇದರಲ್ಲಿ ಹೇಳೋದೇನಿದೆ? ನೀವು ಯಾರ ತಲೆಗೆ ತಾಗ್ತು ಅಂತ ಮಾತ್ರ ಕೇಳಿದ್ರಿ. ನನ್ನ ತಲೆಗೆ ತಾಗಿರಲಿಲ್ಲ."

ಆ ಕಡೆ ಏಣಿ ಹುಲ್ಲಿನ ಮೇಲೆ ಕೂತುಬಿಟ್ಟಿದ್ದ. ಮೊಣಕಾಲುಗಳು ಕಿವಿಗೆ ಮುಟ್ಟುತ್ತಿದ್ದವು. "ನಾನು ಹೇಗೆ ಇಷ್ಟು ಚೆನ್ನಾಗಿ ಹಾರ್ತೀನಿ ಅಂತ ನನಗೇ ಆಶ್ಚರ್ಯ ಆಗ್ತಿತ್ತು ಸಾರ್," ಎಂದ ನನ್ನನ್ನು ನೋಡಿ. "ಅಮ್ಮನಿಗೆ ಹೇಳ್ತಿದ್ದೆ, ದೇವರು ಕೊಟ್ಟಿದ್ದು ಅಂತ. ಪಂಪ್‌ಹೌಸಲ್ಲಿ ಅಮ್ಮನ್ನ ಜೊತೇಲಿ ಇಟ್ಕೋಬಹುದಾ ಸಾರ್? ಮೆಟ್ಟಿಲು ಜಾಸ್ತಿ ಇಲ್ಲ ತಾನೇ?"

ಒಬ್ಬನ ಹೆಸರು ಅಳಿಸಿದ ಸಂತೋಷದಲ್ಲಿದ್ದ ನನಗೆ ಆ ಖಾಲಿ ಜಾಗ ಇನ್ನೂ ಖಾಲಿಯೇ ಇದೆ ಎಂದು ಆಗ ಹೊಳೆಯಿತು. ದೊಡ್ಡ ಇಂಜಿನಿಯರು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಕಮ್ಮಿ ಬಂದಿದ್ದು ಏಣಿ. ಬರೀರಿ, ಸಹಿ ಹಾಕಿ."

ನಾನು ರಿಜಿಸ್ಟರು ತೆಗೆದೆ. ಅಕ್ಕಪಕ್ಕದಲ್ಲಿ ಜನ ಬಗ್ಗಿ ನೋಡುತ್ತಿದ್ದರು. ಬರೆದು ಅವರ ಮುಂದೆ ಹಿಡಿದೆ. ದೊಡ್ಡ ಇಂಜಿನಿಯರು ಗಟ್ಟಿಯಾಗಿ ಓದಿದರು: "'ಬೋಲ್ಟು ಇಲ್ಲದೆ ಏಣಿ ಗೆಲ್ಲುವುದಿಲ್ಲ. ಏಣಿ ಬಿಟ್ಟರೆ ಬೋಲ್ಟು ಕಾದಿಟ್ಟ ಜಾಗದಲ್ಲಿ ಹೊಡೆಯಲು ಅಷ್ಟು ಚೆನ್ನಾಗಿ ಹಾರುವವರು ಬೇರೆ ಇಲ್ಲ. ಇವರಿಬ್ಬರನ್ನು ಬೇರೆ ಬೇರೆಯಾಗಿ ತೂಗಲು ನನಗೆ ಬರುವುದಿಲ್ಲ.' ಏನ್ರೀ ಇದು? ಅಳೆಯೋಕೆ ಬಾರದ ವಸ್ತು ಭೂಮಿ ಮೇಲೆ ಇಲ್ಲ ಅಂದಿದ್ರಿ?"

"ಆಗ ಮುಖದ ಮೇಲೆ ನೊರೆ ಇತ್ತು ಸಾರ್."

ಜನ ಘೊಳ್ಳೆಂದು ನಕ್ಕರು. ಕ್ಷೌರಿಕ ಸಾಕ್ಷಿ ಹೇಳಿದ. ದೊಡ್ಡ ಇಂಜಿನಿಯರು ಮಾತ್ರ ಆದೇಶವನ್ನು ಮಡಚಲಿಲ್ಲ. "ನಗು ಸರಿ. ಪಂಪ್‌ಹೌಸಲ್ಲಿ ಕೂರೋರು ಯಾರು?"

ಹುಲ್ಲಿನಿಂದ ಒಂದು ಉದ್ದ ಕೈ ಮೇಲಕ್ಕೆದ್ದಿತು.

"ಸಾರ್, ನಾವು ಹನ್ನೊಂದು ಜನ ಇದ್ದೀವಿ. ವಾರಕ್ಕೊಬ್ಬರು ಹೋದ್ರೆ?" ಎಂದ ಏಣಿ. "ಮೊದಲನೇ ವಾರ ನಾನೇ ಹೋಗ್ತೀನಿ. ಅಮ್ಮನ್ನ ಒಂದು ವಾರ ಪಕ್ಕದ ಮನೆಯವರು ನೋಡ್ಕೋತಾರೆ. ಬೋಲ್ಟೂದು ಕೊನೇ ವಾರ ಇರಲಿ. ಅಷ್ಟರಲ್ಲಿ ಮಗೂನೂ ಬಂದಿರುತ್ತೆ."

"ಎರಡನೇ ವಾರ ನನ್ನದು," ಎಂದ ಸ್ಟೋರ್‌ಕೀಪರು. ಒಂಬತ್ತು ತಲೆಚೆಂಡು ಹೊಡೆದವನಿಗೆ ಅಂದು ಯಾವುದೂ ಕಷ್ಟವಿರಲಿಲ್ಲ. ಮೂರನೆಯವನು, ನಾಲ್ಕನೆಯವನು ಕೈಯೆತ್ತಿದರು. ದೊಡ್ಡ ಇಂಜಿನಿಯರು ಒಬ್ಬೊಬ್ಬರ ಮುಖ ನೋಡಿದರು. ಖಾಲಿ ಜಾಗದಲ್ಲಿ 'ತಂಡ' ಎಂದು ಬರೆದು ಸಹಿ ಹಾಕಿದರು. ನೆರಳಲ್ಲಿ ನನ್ನ ಹೆಂಡತಿ ನಾದಿನಿಯ ಭುಜಕ್ಕೆ ಮುಖ ಒತ್ತಿ ಅಳುತ್ತಿದ್ದಳು. ಸಮಾಧಾನ ಮಾಡುತ್ತಿದ್ದವಳು ಆ ತುಂಬು ಬಸುರಿ.

ಮನೆಗೆ ಬಂದಾಗ ಮಾತಿನ ಪಡಿತರ ರದ್ದಾಗಿತ್ತು. ದಾರಿಯುದ್ದಕ್ಕೂ ಅವಳು ಮಾತಾಡಿದ್ದೇ ಮಾತಾಡಿದ್ದು. ಕೈಕಾಲು ತೊಳೆದು ನಾನು ಅಡಿಗೆಮನೆಗೆ ಹೋದೆ. ಅವಳು ಹಿತ್ತಿಲಲ್ಲಿ ಸೊಪ್ಪು ಕೀಳುತ್ತಿದ್ದಳು. ಇಷ್ಟು ದಿನದ ಮೇಲೆ ಸಣ್ಣ ಸಹಾಯ ಮಾಡೋಣವೆಂದು ತಕ್ಕಡಿಯ ತಟ್ಟೆಯಲ್ಲಿದ್ದ ಈರುಳ್ಳಿಯನ್ನು ಹೆಚ್ಚಲು ಎತ್ತಿಕೊಂಡೆ.

ತಕ್ಕಡಿ ಎಡಕ್ಕೆ ಬಾಗಿತು.

ನಾನು ಈರುಳ್ಳಿ ಕೈಯಲ್ಲಿ ಹಿಡಿದು ನಿಂತೆ. ಎರಡೂ ತಟ್ಟೆ ಖಾಲಿ. ಆದರೂ ಬಾಗು. ಅಭ್ಯಾಸಬಲದಿಂದ ಕೈ ತಾನಾಗಿ ಕಲ್ಲಿಡುವ ತಟ್ಟೆಯ ಅಡಿಗೆ ಹೋಯಿತು. ಅಲ್ಲಿ ನೂರು ಗ್ರಾಂ ತೂಗುವಷ್ಟು ಮೇಣ ಇತ್ತು, ಹೆಬ್ಬೆರಳಿನಿಂದ ಒತ್ತಿ ನೀಟಾಗಿ ಮೆತ್ತಿದ ಮೇಣ. ಮೂರು ವಾರ ನಾನು ತಿಂದದ್ದು ನೂರೈವತ್ತು ಗ್ರಾಂ ಅಲ್ಲ, ಇನ್ನೂರೈವತ್ತು.

ಮಾರುವವನು ಸಾಮಾನಿನ ತಟ್ಟೆಗೆ ಮೆತ್ತಿದ್ದನ್ನು ನಾನು ಸಾವಿರ ಸಲ ಹಿಡಿದಿದ್ದೇನೆ. ಕೊಳ್ಳುವವನು ಕಲ್ಲಿನ ತಟ್ಟೆಗೆ ಮೆತ್ತಿದ್ದನ್ನೂ ಹಿಡಿದಿದ್ದೇನೆ. ಕೊಡುವವಳೇ ಕಲ್ಲಿನ ತಟ್ಟೆಗೆ ಮೆತ್ತಿದ್ದನ್ನು ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಬಳೆಯ ಸದ್ದಾಯಿತು. "ಏನ್ರ‍ೀ ಮಾಡ್ತಿದ್ದೀರಿ ಅಲ್ಲಿ?"

"ಏನಿಲ್ಲ ಕಣೆ," ಎಂದೆ. ಈರುಳ್ಳಿಯನ್ನು ಇದ್ದ ಜಾಗದಲ್ಲೇ ಇಟ್ಟೆ. ಮುಳ್ಳು ಸರಿಯಾಗಿ ನಡುವೆ ಬಂದು ನಿಂತಿತು.